ತಟ್ಟೆ ಕಂಡರೆ ಹಿಂದೆ ಸರಿಯುವ ಕೈ

ಹೊಸ ಕೈ ಸೂಜಿಯನ್ನು ಅಲುಗದಂತೆ ಹಿಡಿದುಕೊಂಡಿತು. ಕಸ್ತೂರಿ ತನ್ನ ಎಡಗೈಯಿಂದ ದಾರ ಪೋಣಿಸಿದಳು. ತುಂಬಿದ ತಂಬಿಗೆಯನ್ನು ಅದು ಒಂದು ಹನಿಯೂ ತುಳುಕದಂತೆ ಎತ್ತಿತು. ಹಿತ್ತಲಿನಿಂದ ಮೂರು ವರ್ಷದ ಮಗಳು ಸಿರಿ “ಅವ್ವಾ, ಆತು, ತೊಳಿ ಬಾ” ಎಂದು ಕೂಗಿದರಂತೂ, ಕಸ್ತೂರಿ ಏಳುವ ಮೊದಲೇ ಆ ಕೈ ಹೊರಡಲು ಸಿದ್ಧವಾಗಿರುತ್ತಿತ್ತು.

ಆದರೆ ಕಲಸಿದ ಅನ್ನದ ತಟ್ಟೆ ಮುಂದೆ ಬಂದಿತೋ, ಮುಗಿಯಿತು. ಬೆರಳುಗಳು ತಟ್ಟೆಯ ಅಂಚಿನವರೆಗೆ ಹೋಗಿ ನಿಂತುಬಿಡುತ್ತಿದ್ದವು. ಆಮೇಲೆ ಇಡೀ ಕೈ ಮೆಲ್ಲನೆ ಹಿಂದೆ ಸರಿದು, ತಪ್ಪು ಮಾಡಿದ ಮಗುವಿನಂತೆ ಸೆರಗಿನ ಮರೆಗೆ ಸೇರಿಕೊಳ್ಳುತ್ತಿತ್ತು.

“ಮತ್ತ ಹೋತು ನೋಡ್ರಿ ಅಕ್ಕಾರ!” ಎಂದಳು ಕಸ್ತೂರಿ.

ಕೈಯನ್ನು ರೂಪಿಸಿದ ವಿಜ್ಞಾನಿ ಡಾ. ವಾರಿಜಾ, ಅದು ಹಾಗೇಕೆ ಮಾಡುತ್ತದೆಂದು ನೋಡಲು ಗುಳೇದಗುಡ್ಡದ ಆ ನೇಕಾರರ ಮನೆಗೆ ಬಂದಿದ್ದರು. ಅವರು ಅದನ್ನು ಕಲಿಗೈ ಎಂದು ಕರೆದಿದ್ದರು. ಹಳೆಯ ಕೃತಕ ಕೈಗಳಿಗೆ ಒಂದೊಂದು ಚಲನೆಯನ್ನೂ ಕಲಿಸಬೇಕಿತ್ತು. ಕಲಿಗೈ ಹಾಗಲ್ಲ. ಕಳೆದುಹೋದ ಕೈಯ ನೆನಪು ಮೆದುಳಿನಲ್ಲಿ ಬೇಗ ಮಸುಕಾಗುತ್ತದೆ. ಉಳಿದ ಕೈಯ ನೆನಪು ಗಟ್ಟಿಯಾಗಿರುತ್ತದೆ. ಕಲಿಗೈಯೊಳಗಿನ ಅಭ್ಯಾಸಕೋಶವು ಆ ಗಟ್ಟಿ ನೆನಪನ್ನು ಓದಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ತನ್ನದಾಗಿಸಿಕೊಳ್ಳುತ್ತದೆ. ಹಿಂದಿನ ವರ್ಷ ವಿದ್ಯುತ್ ಮಗ್ಗದ ಬೆಲ್ಟಿಗೆ ಸಿಕ್ಕಿ ಬಲ ಮುಂಗೈ ಕಳೆದುಕೊಂಡ ಕಸ್ತೂರಿಗೆ ಅದನ್ನು ಜೋಡಿಸಿದ್ದರು.

“ಇದು ಒಳ್ಳೆಯ ಅಸಿಸ್ಟಿವ್ ಡಿವೈಸ್, ಕಸ್ತೂರಿ. ಸಾಮಾನ್ಯ ಪ್ರಾಸ್ಥೆಸಿಸ್ ಅಲ್ಲ. ಇದರಿಂದ ನಿಮ್ಮ ಇಡೀ ಮನೆಯೇ ನಿಮಗೆ ಆಕ್ಸೆಸಿಬಲ್ ಆಗಬೇಕಿತ್ತು,” ಎಂದರು ವಾರಿಜಾ, ಗೊಂದಲದಿಂದ ತಮ್ಮ ಕೈಯಲ್ಲಿದ್ದ ತಪಾಸಣೆ ಉಪಕರಣದ ಪರದೆ ನೋಡುತ್ತ.

“ಮೂರು ಇಂಗ್ಲಿಷ್ ಮಾತು ಆದ್ವು,” ಎಂದಳು ಅತ್ತೆ ದ್ಯಾಮವ್ವ ಬಾಗಿಲ ಬಳಿಯಿಂದ. “ಮೂರೂ ಸೇರಿ ಒಂದು ತುತ್ತು ಎತ್ತವಲ್ವು.”

ಕಸ್ತೂರಿಗೆ ನಗು ಬಂದಿತು, ಅಳುವೂ ಬಂದಿತು. ಅವಳಿಗೆ ಬೇಕಾಗಿದ್ದುದು ಒಂದೇ: ಮಗಳಿಗೆ ತಾನೇ ತುತ್ತು ಕೊಡಬೇಕು. ಎಡಗೈಯಲ್ಲಿ ಉಣಿಸಿದರೆ ಕೂಸಿಗೆ ಏಳಿಗೆಯಿಲ್ಲ ಎಂದು ದ್ಯಾಮವ್ವ ಹೆದರಿದ್ದಳು. ಸೊಸೆಯ ಕೈ ಹೋದಂದಿನಿಂದ ಸಿರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನೇ ಉಣಿಸುತ್ತಿದ್ದಳು. ಕಸ್ತೂರಿ ಅಡಿಗೆಮನೆಯ ಗೋಡೆಗೆ ಮುಖಮಾಡಿ ಚಮಚದಲ್ಲಿ ಉಣ್ಣುತ್ತಿದ್ದಳು. ಈಗೀಗ ಸಿರಿ ಹಸಿವಾದರೆ “ಅವ್ವಾ” ಅನ್ನುವುದನ್ನೇ ಬಿಟ್ಟು “ಆಯೀ” ಎಂದು ಅಜ್ಜಿಯನ್ನು ಕರೆಯುತ್ತಿದ್ದಳು.

“ತಂತಿಗಳು ಸರಿಯಾಗಿವೆ. ನಿಮ್ಮ ಮನಸ್ಸಿನ ಆಜ್ಞೆಯೂ ತಲುಪುತ್ತಿದೆ. ಆದರೂ ಕೈ ತಾನಾಗಿಯೇ ಬೇಡ ಅನ್ನುತ್ತಿದೆಯಲ್ಲ!” ವಾರಿಜಾ ಹಣೆ ಒತ್ತಿಕೊಂಡರು.

“ಮೊದಲು ಇದನ್ನ ತಿನ್ರಿ. ಹೊಟ್ಟಿ ಖಾಲಿ ಇದ್ರ ಬುದ್ಧೀನೂ ಖಾಲಿ,” ಎಂದು ದ್ಯಾಮವ್ವ ಶೇಂಗಾ ಉಂಡಿ ಚಾಚಿದಳು.

ವಾರಿಜಾರ ಬಲಗೈಯಲ್ಲಿ ಉಪಕರಣವಿತ್ತು. ಎಡಗೈ ಮುಂದೆ ಚಾಚಿದರು. ಉಂಡಿಯ ಹತ್ತಿರ ಹೋದ ಬೆರಳುಗಳು ಗಕ್ಕನೆ ನಿಂತವು, ಹಿಂದೆ ಸರಿದವು. ಉಪಕರಣವನ್ನು ಎಡಗೈಗೆ ಬದಲಿಸಿ ಅವರು ಬಲಗೈಯಿಂದ ಉಂಡಿ ತೆಗೆದುಕೊಂಡರು. ಆಮೇಲೆ ಉಂಡಿಯನ್ನೂ ಮರೆತು ತಮ್ಮ ಎಡಗೈಯನ್ನೇ ನೋಡುತ್ತ ಕುಳಿತರು.

“ಅಯ್ಯೋ, ನಾನು ಇದಕ್ಕೆ ಕಲಿಸಿದ್ದು ಎಡಗೈಯ ರೂಢಿಯನ್ನು,” ಎಂದರು ಮೆಲ್ಲಗೆ. “ಮೂವತ್ತು ವರ್ಷ ನಿಮ್ಮ ಎಡಗೈಗೆ ಏನು ಹೇಳಿದ್ದೀರಿ? ಉಣ್ಣಬೇಡ, ಕೊಡಬೇಡ, ಅನ್ನ ಮುಟ್ಟಬೇಡ. ಕಲಿಗೈ ಅದನ್ನೂ ಕಲಿತುಬಿಟ್ಟಿದೆ. ಇದು ಕೂತಿರುವ ಜಾಗ ಮಾತ್ರ ಬಲದ್ದು, ರೂಢಿಯೆಲ್ಲ ಎಡದ್ದು.”

ಕಸ್ತೂರಿ ಒಂದು ಕೈಯನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಯಾವುದು ತನ್ನ ಯಾವ ಕೈ ಎಂದು ತಿಳಿಯದೆ ಅವಳ ತಲೆ ತಿರುಗಿದಂತಾಯಿತು.

“ಬೇರೆ ಯಾರದ್ದಾದರೂ ಬಲಗೈ ನೆನಪನ್ನು ಇದಕ್ಕೆ ತುಂಬಬಹುದು,” ಎಂದರು ವಾರಿಜಾ.

“ಬ್ಯಾರೆಯವರ ಕೈಲೆ ನನ್ನ ಮಗಳಿಗೆ ಉಣ್ಣಸೂದೇನ್ರಿ? ಅದು ಈಗ ನಡದ ಐತಲ್ಲ.”

ದ್ಯಾಮವ್ವನಿಗೆ ಆ ಮಾತು ನಾಟಿತು. ಅವಳು ಬಂದು ಕಲಿಗೈಯನ್ನು ಮೂಸಿ ನೋಡುವಷ್ಟು ಹತ್ತಿರ ಬಗ್ಗಿದಳು.

“ಅಕ್ಕಾರ, ಖರೇ ಹೇಳ್ರಿ. ಇದು ಎಡಗೈನ ಹೌದಿಲ್ಲೊ?”

“ಹೌದು ಅಂತಲೇ ಹೇಳಬೇಕು. ಆದರೆ—”

“ಆದರ ಗೀದರ ಬ್ಯಾಡ. ಕೂಸಿಗೆ ತೊಳಿಯೂದೂ ಇದ, ನೆಲಾ ಬಳಿಯೂದೂ ಇದ. ಮನಷ್ಯಾರಿಗೆ ಎಡಗೈ ಒಂದ ಇರತೈತಿ. ಇದು ಎಡಗೈ ಆತಂದಮ್ಯಾಲ, ಆ ಕಡೀದು ಏನಾತು?”

ಎಲುಬು, ಸ್ನಾಯುಗಳ ಲೆಕ್ಕದಲ್ಲಿ ವಾರಿಜಾರಿಗೆ ಒಂದು ಉತ್ತರ ತಿಳಿದಿತ್ತು. ಅದನ್ನು ಹೇಳುವ ಬದಲು ಅವರು ಉಂಡಿಯನ್ನು ಬಾಯಿಗೆ ಹಾಕಿಕೊಂಡರು.

ದ್ಯಾಮವ್ವ ತಂಬಿಗೆ ತಂದು, ಸೊಸೆಯ ಹುಟ್ಟಿನಿಂದ ಬಂದ ಕೈಗೆ ತಾನೇ ನೀರು ಹಾಕಿ ತೊಳೆದಳು. ಸೆರಗಿನಿಂದ ಒರೆಸಿದಳು. ಸಿರಿಯನ್ನು ಎತ್ತಿ ತಾಯಿಯ ಮುಂದೆ ಕೂರಿಸಿದಳು.

“ಕುಂತಿ ಯಾಕ? ಅನ್ನ ಆರತೈತಿ.”

ಕಸ್ತೂರಿಯ ಆ ಕೈ ತಟ್ಟೆಯ ಅಂಚಿನಲ್ಲಿ ಒಮ್ಮೆ ಹಿಂಜರಿಯಿತು, ಕಲಿಗೈ ಹಿಂಜರಿದಂತೆಯೇ. ಆಮೇಲೆ ಒಂದು ತುತ್ತು ಹಿಡಿಯಿತು. ತುತ್ತು ಓರೆಕೋರೆಯಾಗಿತ್ತು, ಎರಡು ಅಗುಳು ಮಗುವಿನ ಗಲ್ಲಕ್ಕೆ ಅಂಟಿದವು.

“ಅವ್ವಾ, ಇನ್ನೊಂದು,” ಎಂದು ಸಿರಿ ಬಾಯಿ ತೆರೆದಳು.

ಆಚೆ ಬದಿಯಲ್ಲಿ ಕಲಿಗೈ, ಯಾರೂ ಹೇಳದೆಯೇ, ನೀರಿನ ಲೋಟ ಹಿಡಿದು ಕಾಯುತ್ತಿತ್ತು.