ಹೊನ್ನವ್ವನ ಕಾಡಿಗೆ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬರುವ ಮುಂಚೆ, ರಂಗಾವತಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜ ಕಡಲಾಚೆಯ ಅಮೆರಿಕದಿಂದ ಮೂರು ದೊಡ್ಡ ಚಿತ್ರಗಳನ್ನು ತರಿಸಿ ಚಿತ್ರಶಾಲೆಯಲ್ಲಿ ತೂಗುಹಾಕಿಸಿದ್ದ. ಆ ದೇಶದ ಪಡುವಣ ಗಡಿಗೆ ಜನ ಹೊಸ ನೆಲ ಹುಡುಕಿ ಹೊರಟ ಕಾಲದ ಚಿತ್ರಗಳವು. ನೋಡಲು ಬಂದವರೆಲ್ಲ ಚಿನ್ನದ ಚೌಕಟ್ಟಿಗೆ ಬಾಯಿ ಬಿಟ್ಟು ಹೋಗುತ್ತಿದ್ದರು. ಮಸಿನಾಗನೆಂಬ ಮಾಂತ್ರಿಕನಿಗೆ ಇಂಥವರೇ ಬೇಕಾಗಿತ್ತು. ಚಿತ್ರ ಬಿಟ್ಟು ಚೌಕಟ್ಟು ನೋಡಿದವರನ್ನು ಅವನು ಚಿತ್ರದೊಳಕ್ಕೆ ಎಳೆದುಕೊಳ್ಳುತ್ತಿದ್ದ. ಸಂಜೆಗೆ ಬಣ್ಣ ಒಣಗಿತೆಂದರೆ ಅವರು ಎಂದೆಂದಿಗೂ ಅಲ್ಲೇ.

ಚಿತ್ರಗಾರರ ಮನೆಯ ಹೊನ್ನವ್ವನ ಅಣ್ಣ ಬಸಲಿಂಗ, ಅವಸರದ ಆಸಾಮಿ, ಹೀಗೇ ಸಿಕ್ಕಿಬಿದ್ದ. ತಂದೆತಾಯಿ ಇಲ್ಲದ ಅವಳಿಗೆ ಅವನೊಬ್ಬನೇ ದಿಕ್ಕು. ರಾಜನ ಭಟರು ಹತ್ತಿರ ಹೋಗಲೂ ಹೆದರಿದರು. ಹೊನ್ನವ್ವ ಅತ್ತಳು, ಮೂಗು ಒರೆಸಿಕೊಂಡಳು, ಮೊದಲ ಚಿತ್ರದೊಳಗೆ ಕಾಲಿಟ್ಟಳು.

ಅಲ್ಲಿ ಹುಲ್ಲುಗಾವಲಿನ ತುಂಬ ಕಾಡುಕೋಣಗಳು. ದೊಡ್ಡದೊಂದು ಅಡ್ಡ ನಿಂತು, ಏನು ಕಂಡೆ ಎಂದು ಕೇಳಿತು. ಕೊಂಬು ಕಂಡೆ ಎನ್ನುವವರೇ ಎಲ್ಲ. ಹೊನ್ನವ್ವ, ಗಾಳಿಗೆ ಬೆನ್ನು ಕೊಟ್ಟು ಕರುವನ್ನು ಮರೆಮಾಡಿದ ತಾಯಿಯನ್ನು ಕಂಡೆ ಎಂದಳು. ಕೋಣ ದಾರಿ ಬಿಟ್ಟಿತು.

ಎರಡನೆಯದರಲ್ಲಿ ಬಿಳಿ ಬಟ್ಟೆ ಹೊದಿಸಿದ ಎತ್ತಿನ ಗಾಡಿಗಳ ಸಾಲು. ಬಂದೂಕು ಹಿಡಿದ ಮುಂದಾಳು ಅದನ್ನೇ ಕೇಳಿದ. ಕೊನೆಯ ಗಾಡಿಯ ಹಿಂದೆ, ಸೊಂಟದ ಮೇಲೆ ಕೂಸು, ಕೈಯಲ್ಲೊಂದು ಸಸಿ ಹಿಡಿದು ಬರಿಗಾಲಲ್ಲಿ ನಡೆಯುವ ಹೆಂಗಸನ್ನು ಕಂಡೆ ಎಂದಳು. ಅವನೂ ತಿರುಗಿ ನೋಡಿದ. ಅವಳು ಅವನ ಹೆಂಡತಿಯೇ. ತಲೆ ತಗ್ಗಿಸಿ ಸರಿದ.

ಮೂರನೆಯದರಲ್ಲಿ ಬೆಟ್ಟ, ಆಕಾಶ, ಖಾಲಿ ಬಯಲು. ಕೇಳುವವರೇ ಇಲ್ಲ. ಹೊನ್ನವ್ವ ಕೂತು ನೋಡಿದಳು, ಬಹಳ ಹೊತ್ತು ನೋಡಿದಳು. ಬೆಟ್ಟದ ಮಗ್ಗುಲಲ್ಲಿ ಕೂದಲೆಳೆಯಷ್ಟು ಹೊಗೆ ಕಂಡಿತು. ಹೊಗೆ ಇದ್ದಲ್ಲಿ ಒಲೆ, ಒಲೆ ಇದ್ದಲ್ಲಿ ಮನೆ ಎಂದು ಅತ್ತ ನಡೆದಳು. ಗರಿ ಮುಡಿದ ಮುದುಕನೊಬ್ಬ ಕೂತಿದ್ದ, ಆ ನೆಲದ ಮೂಲದವನು.

"ಖಾಲಿ ನೆಲ ಅಂತ ಎಲ್ಲರೂ ಹೋದರು ಮಗಳೇ. ನೀನು ನಮ್ಮನ್ನು ಕಂಡೆ. ಬಾ, ನಿನ್ನಣ್ಣ ಇಲ್ಲಿದ್ದಾನೆ."

ಬಸಲಿಂಗ ಬಂಡೆಗೆ ಒರಗಿ ನಿಂತಿದ್ದ. ಮೂಗು, ಬಾಯಿ, ಮೀಸೆ ಎಲ್ಲ ಇತ್ತು, ಕಣ್ಣಿರಲಿಲ್ಲ. ಕಣ್ಣಿದ್ದರೆ ಓಡಿಹೋದಾನು ಎಂದು ಮಸಿನಾಗ ಬರೆಯದೆ ಬಿಟ್ಟಿದ್ದ. ಹೊತ್ತು ಮುಳುಗುತ್ತಿತ್ತು, ಪಾದದ ಬಣ್ಣ ಆಗಲೇ ಒಣಗಿತ್ತು.

ಚಿತ್ರಗಾರರು ಕಣ್ಣು ಬರೆಯುವುದು ಕಟ್ಟಕಡೆಗೆ, ಅದೂ ಮಗ್ಗುಲಿಗೆ ನಿಂತು. ಎರಡೂ ಕಣ್ಣು ಬರೆದಾದ ಮೇಲೆ ಬೀಳುವ ಮೊದಲ ನೋಟ ಉರಿ. ಎದುರಿಗೆ ಯಾರೂ ನಿಲ್ಲಬಾರದು. ಹೊನ್ನವ್ವ ಪಕ್ಕಕ್ಕೆ ಸರಿದು, ತನ್ನ ಕಣ್ಣಿನ ಕಾಡಿಗೆಯನ್ನೇ ಉಂಗುರದ ಬೆರಳಿಗೆ ತೆಗೆದುಕೊಂಡು ಒಂದು ಕಣ್ಣು ಬರೆದಳು. ಅಷ್ಟರಲ್ಲಿ ಮಸಿನಾಗ ಬುಸುಗುಟ್ಟುತ್ತ ಬಂದು ಬಸಲಿಂಗನ ಎದುರೇ ನಿಂತು, ಬರೆಯಬೇಡ ಎಂದು ಗದರಿದ.

"ಎದುರಿಗೆ ನಿಲ್ಲಬೇಡ," ಎಂದಳು ಹೊನ್ನವ್ವ.

ಕೆಟ್ಟವರಿಗೆ ಬುದ್ಧಿಮಾತು ರುಚಿಸುವುದುಂಟೇ? ಅವನು ಕದಲಲಿಲ್ಲ. ಅವಳು ಎರಡನೆಯ ಕಣ್ಣನ್ನೂ ಬರೆದಳು. ಬಸಲಿಂಗ ಕಣ್ಣು ಬಿಟ್ಟ. ಮೊದಲ ನೋಟ ನೆಟ್ಟಗೆ ಮಸಿನಾಗನ ಮೇಲೆ ಬಿತ್ತು. ಉಳಿದದ್ದು ಒಂದು ಹಿಡಿ ಮಸಿ.

ಸಿಕ್ಕಿಬಿದ್ದವರೆಲ್ಲ, ಒಣಗಿಹೋದವರೂ ಸೇರಿ, ಮೈ ಕೊಡವಿಕೊಂಡು ಹೊರಬಂದರು. ರಾಜ ಜಯಭೇರಿ ಹೊಡೆಸಿ ಹೊನ್ನವ್ವನನ್ನು ಚಿತ್ರಶಾಲೆಯ ಒಡತಿ ಮಾಡಿದ. ಅವಳು ಆ ಮಸಿಗೆ ಎಣ್ಣೆ ಕಲಸಿ ಒಳ್ಳೆಯ ಕಪ್ಪು ಬಣ್ಣ ಮಾಡಿಕೊಂಡಳು. ಅವಸರದ ಬಸಲಿಂಗ ಈಗ ಮೂರನೆಯ ಚಿತ್ರದ ಮುಂದೆ ಕೂತು, ಹೊಗೆ ಕಂಡಿತಾ ಎಂದು ಬಂದವರನ್ನೆಲ್ಲ ಕೇಳುತ್ತಾನೆ, ಕಾಣುವವರೆಗೆ ಬಿಡುವುದಿಲ್ಲ. ಅವರು ಅಲ್ಲಿ ನೋಡುತ್ತ ಸುಖವಾಗಿದ್ದಾರೆ, ನಾವು ಇಲ್ಲಿ ಕೇಳುತ್ತ ಸುಖವಾಗಿದ್ದೇವೆ.