ಶೇಷ 1888

"ಕಾಮ್ರೇಡ್ ಥೋವಾ, ತಿರುಗಿ ನೋಡಿದ್ರಿ. ನಿಯಮ ಮುರಿದ್ರಿ."

"ನಾನು ನೋಡಿದ್ದು ಕಿಟಕೀನ."

"ಕಿಟಕಿ ನಿಮ್ಮ ಎದುರಿಗಿದೆ. ಹಿಂದಿರೋದು ನಾನು."

ನನ್ನ ಕಿವಿ ಬಿಸಿಯಾಯಿತು. ಖಾಯ್ ನಗುತ್ತಿದ್ದಾನೆಂದು ಬೆನ್ನಿಗೇ ಗೊತ್ತಾಗುತ್ತಿತ್ತು.

ಹನೋಯಿ ಮೇಲೆ ಬಾಂಬು ಬೀಳತೊಡಗಿದ ಮೇಲೆ ನಮ್ಮ ಗಣಿತ ವಿಭಾಗ ಗುಡ್ಡದ ಹಳ್ಳಿಯೊಂದರ ಬಿದಿರು ಗುಡಿಸಲಿಗೆ ಬಂದಿತ್ತು. ಪ್ರೊಫೆಸರ್ ತಿಯೆಪ್ ನನಗೂ ಖಾಯ್‌ಗೂ ಒಂದು ಸಂಖ್ಯೆ ಕೊಟ್ಟಿದ್ದರು: 58,82,353. ಅದು ಅವಿಭಾಜ್ಯವೇ ಎಂದು ತಿಳಿಯಲು 2425ರೊಳಗಿನ ಪ್ರತಿಯೊಂದು ಅವಿಭಾಜ್ಯ ಸಂಖ್ಯೆಯಿಂದಲೂ ಕೈಯಲ್ಲೇ ಭಾಗಿಸಬೇಕು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂತು, ತಿರುಗಿ ನೋಡದೆ, ಬೇರೆಬೇರೆಯಾಗಿ ಮಾಡಬೇಕು. ಉತ್ತರ ಹೊಂದದಿದ್ದರೆ ಮಾತ್ರ ಒಂದೇ ಮೇಜಿಗೆ ಎದುರುಬದುರು ಕೂತು ತಿದ್ದಬೇಕು.

"ಅಂದ್ರೆ ಒಂದು ತಪ್ಪು ಮಾಡಿದ್ರೆ ನಿಮ್ಮ ಎದುರಿಗೆ ಕೂರಬಹುದು," ಅಂದ ಖಾಯ್.

"ಮಾಡಿ ನೋಡಿ. ಐದನೇ ಕ್ಲಾಸಿಗೆ ವಾಪಸ್ ಕಳಿಸ್ತೀನಿ."

ಅವನು ತಪ್ಪು ಮಾಡುವವನಲ್ಲ. ನಾನೋ, ಪ್ರತಿ ಸಾಲನ್ನೂ ಮೂರು ಸಲ ನೋಡುವವಳು. 997ರವರೆಗೂ ನಮ್ಮ ಕಾಲಂಗಳು ಹೊಂದುತ್ತಲೇ ಹೋದವು. ಅಷ್ಟರಲ್ಲಿ ಅವನಿಗೆ ಸೈನ್ಯದ ಕರೆ ಬಂತು.

ಹೊರಡುವ ದಿನ ಬೇಯಿಸಿದ ಮರಗೆಣಸನ್ನು ಮುರಿದು ನನಗರ್ಧ ಕೊಟ್ಟ. "ನಮ್ಮ ಸಂಖ್ಯೇನೂ ಹೀಗೇ ಮುರೀರಿ. 588, 2353. ಎರಡರ ವರ್ಗ ಕೂಡಿಸಿ."

ನೆಲದ ಮೇಲೆ ಕಡ್ಡಿಯಿಂದ ಕೂಡಿಸಿದೆ. 58,82,353. ಅದೇ ಸಂಖ್ಯೆ.

"ಬೇರೆ ಮಾಡಿದ್ರೂ ಸೇರ್ಕೊಳ್ಳುತ್ತೆ," ಅಂದ. ನಾನು ಹೇಳಬೇಕಾದ ಮಾತಿತ್ತು. ಮೂರು ಸಲ ಯೋಚಿಸಿದೆ. ಲಾರಿ ಹೊರಟಿತು.

ತನ್ನ ಉಳಿದ ಭಾಗಾಕಾರವನ್ನು ಜೊತೆಗೆ ಒಯ್ದಿದ್ದ; ನನ್ನದನ್ನು ನಾನು ಹಳ್ಳಿಯಲ್ಲೇ ಮುಗಿಸಿದೆ. ಮಳೆಗಾಲದಲ್ಲಿ ಅವನ ಸಾವಿನ ಸುದ್ದಿ ಬಂತು. ಅದಾಗಿ ಮೂರು ವಾರಕ್ಕೆ ಅವನು ಹಾಕಿದ್ದ ಅಂಚೆ ಬಂತು.

2423ರವರೆಗೆ ಎಲ್ಲ ಮುಗಿಸಿದ್ದ. ಎಲ್ಲಿಯೂ ಶೇಷ ಸೊನ್ನೆಯಿಲ್ಲ, ಸಂಖ್ಯೆ ಅವಿಭಾಜ್ಯ. ಒಂದೇ ಒಂದು ಸಾಲು ನನ್ನದಕ್ಕೆ ಹೊಂದಲಿಲ್ಲ. 1013ರಿಂದ ಭಾಗಿಸಿದಾಗ ನನಗೆ ಬಂದ ಶೇಷ 875. ಅವನು ಬರೆದದ್ದು 1888.

ಭಾಜಕಕ್ಕಿಂತ ಶೇಷ ದೊಡ್ಡದು. ಇನ್ನೊಂದು ಸಲ 1013 ಕಳೆಯಬೇಕಿತ್ತು. ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದ: 'ಬಂದ ಮೇಲೆ ಎದುರಿಗೆ ಕೂರೋಣ, ಥೋವಾ.' ಕಾಮ್ರೇಡ್ ಅಂತ ಇರಲಿಲ್ಲ.

"ಅವನದನ್ನ 875 ಅಂತ ತಿದ್ದಿಬಿಡಮ್ಮ," ಅಂದರು ಪ್ರೊಫೆಸರ್. "ಇಬ್ಬರ ಹೆಸರಲ್ಲೂ ಮುಗಿಸೋಣ."

ನಾನು ನನ್ನ 875ರ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ 1888 ಬರೆದು ಹಾಳೆಗಳನ್ನು ಅವರ ಮುಂದಿಟ್ಟೆ.

ಅವರು ಆ ಸಾಲಿನ ಮೇಲೆ ಬೆರಳಿಟ್ಟರು.

"ಇದು ತಪ್ಪಲ್ವೇನಮ್ಮ?"

"ತಪ್ಪೇ ಸರ್. ಆದ್ರೆ ಹೊಂದುತ್ತೆ."

ಅವರು ಕನ್ನಡಕ ತೆಗೆದಿಟ್ಟು, ಇಬ್ಬರ ಹೆಸರಿನ ಕೆಳಗೆ ಸಹಿ ಹಾಕಲು ಪೆನ್ನಿಗಾಗಿ ಕೈ ಚಾಚಿದರು.