ಮಾವನ ಪಿಕಪ್ಪಿಗೆ ಹೊಸ ಪ್ಲಗ್ಗು

ಮಾವ ಪುತ್ತೂರಿಂದ ಪಿಕಪ್ಪಿಗೆ ಹೊಸ ಸ್ಪಾರ್ಕ್ ಪ್ಲಗ್ಗು ತಂದದ್ದಕ್ಕೆ ಸರ್ವೋತ್ತಮನಿಗೆ ಬೇಜಾರೇನೂ ಇರಲಿಲ್ಲ. ಯಾಕೆ ತಂದದ್ದು ಅಂತ ಗೊತ್ತಾದ ಮೇಲೆಯೇ ಅಂಗಿಯೊಳಗೆ ಚಗಳಿ ಇರುವೆ ಬಿಟ್ಟ ಹಾಗೆ ಆದದ್ದು.

"ಆದಿತ್ಯವಾರ ಮೋಹಿನಿಯನ್ನು ನೋಡ್ಲಿಕ್ಕೆ ದರ್ಬೆಯಿಂದ ಬರ್ತಾರೆ ಮಾರಾಯ," ಅಂದ ಮಹಾಬಲ ಮಾವ, ನಾಲ್ಕು ಪುಟ್ಟ ರಟ್ಟಿನ ಪೆಟ್ಟಿಗೆಗಳನ್ನು ಅವನ ಕೈಗೆ ಕೊಡುತ್ತಾ. "ಪ್ರೇಮನಾಥ ಅಂತ, ಹುಡುಗ ಬ್ಯಾಂಕಲ್ಲಿ. ಸುಳ್ಯ ಬಸ್‌ಸ್ಟ್ಯಾಂಡಿಂದ ನಾನೇ ಕರ್ಕೊಂಡು ಬರುದು. ಈ ಪಿಕಪ್ಪು ನಮ್ಮ ದಾರಿಯ ಏರಿನಲ್ಲಿ ಕೆಮ್ಮಿ ನಿಂತ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು? ಗ್ಯಾರೇಜಿಗೆಲ್ಲ ಕೊಂಡೋಗುದು ಬೇಡ. ಮನೆಯಲ್ಲೇ ನೀನು ಹಾಕಿ ಬಿಡು."

"ಆಯ್ತು ಮಾವ," ಅಂದ ಸರ್ವೋತ್ತಮ.

ಅವನ ರೋಗವೇ ಅದು. ಮಹಾಬಲನ ಸ್ವಂತ ಅಕ್ಕನ ಮಗ ಅವನು. ನಮ್ಮ ಕಡೆ ಸೋದರಮಾವನ ಮಗಳು ಅಂದ್ರೆ ಅರ್ಧ ಮಾತು ಆಗಿಯೇ ಉಂಟು ಅಂತ ಲೆಕ್ಕ. ಉಳಿದ ಅರ್ಧ ಬಾಯಿ ಬಿಟ್ಟು ಕೇಳಿದ್ರೆ ಮುಗೀತು. ಆ ಅರ್ಧವೇ ಅವನ ಗಂಟಲಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡದ್ದು. ಮೋಹಿನಿಯನ್ನು ನೋಡ್ಲಿಕ್ಕೆ ಅಂತ ಅವನು ಮಾವನ ಪಿಕಪ್ಪಿಗೆ ಇಲ್ಲದ ರೋಗ ಎಲ್ಲ ಕಂಡುಹಿಡಿದಿದ್ದ. ಒಮ್ಮೆ ಬ್ರೇಕು ಸಡಿಲ, ಒಮ್ಮೆ ಹಾರ್ನಿಗೆ ಶೀತ. ಕೊನೆಗೆ ನಿಜವಾಗಿ ಪ್ಲಗ್ಗು ಹೋದಾಗ ಹೀಗಾಯ್ತು ನೋಡಿ.

ಅದು ಎಪ್ಪತ್ತೆಂಟನೇ ಇಸವಿ. ಮರ್ಕಂಜದ ಆ ಬದಿಯಲ್ಲಿ ಪಿಕಪ್ಪು ಅಂತ ಇದ್ದದ್ದು ಅದೊಂದೇ. ಯಾವುದೋ ಎಸ್ಟೇಟಿನವರು ಬಳಸಿ ಮಾರಿದ ಪೆಟ್ರೋಲ್ ಗಾಡಿ. ಮುಂದೆ ಮೂರು ಜನ, ಹಿಂದೆ ಗೊಬ್ಬರವೋ ನೆಂಟರೋ, ಆ ದಿನದ ಭಾಗ್ಯ.

ಮೊದಲ ಯೋಚನೆ ಅವನಿಗೆ ಬಂದದ್ದು ಅತ್ತೆಯ ಬಾಯಿಂದ. ವಾರಿಜಾಕ್ಷಿ ಅತ್ತೆ ಅಕ್ಕಿ ಗೇರುತ್ತಾ ಹೇಳಿದ್ದರು: "ಹುಡುಗನಿಗೆ ಅಪ್ಪ ಇಲ್ಲ. ದೊಡ್ಡಪ್ಪ ಗುರುವಪ್ಪಣ್ಣ ಹೇಳಿದ್ದೇ ಆಗುದು. ಅವರು ಶಕುನ ನೋಡುದು ಜೋರಂತೆ ಸರ್ವೋತ್ತಮ. ಕಡಬದಲ್ಲಿ ಒಂದು ಸಂಬಂಧ ನೋಡ್ಲಿಕ್ಕೆ ಹೊರಟವರು, ಮೆಟ್ಟಿಲಲ್ಲಿ ಚಪ್ಪಲಿ ಬಾರು ತುಂಡಾಯ್ತು ಅಂತ ಹಾಗೇ ಒಳಗೆ ಹೋಗಿ ಮಲಗಿದ್ರಂತೆ."

ಚಪ್ಪಲಿ ಬಾರಿಗೇ ಇಷ್ಟು. ಹಾಗಾದ್ರೆ ಇಡೀ ಪಿಕಪ್ಪು ದಾರಿಯಲ್ಲಿ ನಿಂತ್ರೆ?

ಸರ್ವೋತ್ತಮನಿಗೆ ಆ ದಿನ ಊಟ ರುಚಿ ಆಯ್ತು.

ಪುತ್ತೂರಿನ ಒಂದು ಗ್ಯಾರೇಜಲ್ಲಿ ಕೆಲಸ ಕಲಿತವ ಅವನು. ಸತ್ತ ಪ್ಲಗ್ಗುಗಳನ್ನೆಲ್ಲ ಬಿಸ್ಕತ್ತು ಡಬ್ಬಿಯಲ್ಲಿ ಕೂಡಿಟ್ಟಿದ್ದ. ಯಾಕೆ ಅಂತ ಅವನ ಅಮ್ಮ ಕೇಳಿದ್ರೆ ಉತ್ತರ ಇರಲಿಲ್ಲ. ಈಗ ಉತ್ತರ ಸಿಕ್ಕಿತು. ಆ ಡಬ್ಬಿಯಿಂದ ಅವನು ಆರಿಸಿದ್ದು ತೀರಾ ಸತ್ತದ್ದನ್ನಲ್ಲ. ತೀರಾ ಸತ್ತದ್ದು ಹಾಕಿದ್ರೆ ಗಾಡಿ ಅಂಗಳವನ್ನೇ ಬಿಡುದಿಲ್ಲ, ಮಾವ ಜೀಪು ಬಾಡಿಗೆಗೆ ತರ್ತಾನೆ. ಬೇಕಾದ್ದು ಅರೆಜೀವದ್ದು. ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು. ಅಂಥದ್ದು ತಣ್ಣಗಿರುವಾಗ, ಸಮ ರಸ್ತೆಯಲ್ಲಿ ಒಳ್ಳೆ ಮಗುವಿನ ಹಾಗೆ ಇರ್ತದೆ. ಕಾದು, ಭಾರ ಬಿದ್ದು, ಏರು ಸಿಕ್ಕಿತೋ, ಕಿಡಿ ಮೂತಿಯಲ್ಲಿ ಹಾರುವ ಬದಲು ಬಿರುಕಿನಲ್ಲಿ ಸೋರಿ ಹೋಗ್ತದೆ. ಮಾವ ಗಾಡಿ ಓಡಿಸುದೂ ಹಾಗೇ, ಹಿಂದೆ ಹುಲಿ ಬಂದ ಹಾಗೆ. ಸುಳ್ಯಕ್ಕೆ ಖಾಲಿ ಹೋಗುವಾಗ ಇಳಿಜಾರು, ಬರುವಾಗ ನೆಂಟರ ಭಾರ, ಮೇಲೆ ಆ ಏರು. ನಿಲ್ಲಲೇಬೇಕು.

ನಿಂತ ಮೇಲಿನದ್ದೂ ಉಂಟು. ಗುರುವಪ್ಪಣ್ಣ ಶಕುನ ಸರಿ ಇಲ್ಲ ಅಂತ ಇಳಿದು ಸುಳ್ಯದ ಕಡೆಗೆ ನಡೆದು ಬಿಡ್ತಾರೆ. ಮಾವ ಯಾರನ್ನಾದ್ರೂ ಸೈಕಲ್ಲಲ್ಲಿ ಕಳಿಸಿ ಸರ್ವೋತ್ತಮನನ್ನು ಕರೆಸ್ತಾನೆ. ಬಾನೆಟ್ಟು ಎತ್ತಿದ ಮೇಲೆ ಒಳಗೆ ಯಾರ ಕೈ ಎಂತ ಮಾಡ್ತದೆ ಅಂತ ಯಾರಿಗೆ ಕಾಣ್ತದೆ? ಅರೆಜೀವದ್ದು ತೆಗೆದು ಕಿಸೆಗೆ, ಕಿಸೆಯ ಹೊಸದ್ದು ಎಂಜಿನಿಗೆ. ಗಾಡಿ ಸ್ಟಾರ್ಟು. ಕದ್ದ ಮಾಲೂ ವಾಪಸು. ಕಳ್ಳತನ ಅಂತ ಹೇಳ್ಲಿಕ್ಕೂ ಇಲ್ಲ, ಎರವಲು ಅಂತ ಹೇಳ್ಬಹುದು ಬೇಕಾದ್ರೆ. ಅವನು ಬಿರುಕಿನ ಪ್ಲಗ್ಗುಗಳನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ಹೊಸ ಪೆಟ್ಟಿಗೆಗಳಿಗೇ ತುಂಬಿಸಿದ. ನೋಡಿದ್ರೆ ಅವನಿಗೇ ಯಾವುದು ಯಾವುದು ಅಂತ ಒಂದು ಗಳಿಗೆ ಗೊತ್ತಾಗಲಿಲ್ಲ. ಹೆಮ್ಮೆ ಆಯ್ತು.

ಶನಿವಾರ ಹೊತ್ತು ಇಳಿಯುವ ಮೊದಲೇ ಮಾವನ ಅಂಗಳದಲ್ಲಿ ಕೆಲಸ ಶುರು. ವಯರು ಎಳೆದ, ಪ್ಲಗ್ ಸ್ಪ್ಯಾನರು ಹಾಕಿ ಹಳೆಯದ್ದು ಬಿಚ್ಚಿದ. ಮಾವನಿಗೆ ಕಾಣುವ ಹಾಗೆ ಪೆಟ್ಟಿಗೆ ಒಡೆದ. ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಮಾತ್ರ ಸ್ಪ್ಯಾನರಿನಿಂದ ಬಿಗಿ ಮಾಡಿದ. ದ್ರೋಹ ಮಾಡುವಾಗಲೂ ತಿರುಪಿನ ಮರೆ ಕೆಡಿಸುವ ಕೆಲಸ ಅವನಿಂದ ಆಗ್ಲಿಕ್ಕಿಲ್ಲ.

ಮೋಹಿನಿ ಕಾಫಿ ತಂದು ಮಡ್‌ಗಾರ್ಡಿನ ಮೇಲೆ ಇಟ್ಟಳು. "ಬಾವ, ನೀವು ಬಾನೆಟ್ಟಿನೊಳಗೆ ಮಾತಾಡುವುದರಲ್ಲಿ ಕಾಲು ಭಾಗ ಮನುಷ್ಯರ ಹತ್ರ ಮಾತಾಡಿದ್ರೆ ಎಷ್ಟೋ ಕೆಲಸ ಆಗ್ತಿತ್ತು."

"ಎಂತ ಕೆಲಸ?"

"ನಂಗೆಂತ ಗೊತ್ತು," ಅಂದಳು ಅವಳು. "ಮೂಗಿನ ಮೇಲೆ ಮಸಿ ಉಂಟು."

ಅವನು ಮಸಿ ಒರೆಸಿಕೊಂಡ. ಅದು ಮೂಗಿಂದ ಕೆನ್ನೆಗೆ ಬಂತು. ಅವಳು ನಗುತ್ತಾ ಒಳಗೆ ಹೋದಳು. ಆ ನಗು ದರ್ಬೆಗೆ ಹೋಗ್ಬಾರ್ದು ಅಂತ ಸರ್ವೋತ್ತಮ ಕೊನೆಯ ವಯರನ್ನು ಒತ್ತಿ ಕೂರಿಸಿದ. ಸ್ಟಾರ್ಟು ಮಾಡಿದ್ರೆ ಗಾಡಿ ತಣ್ಣಗೆ, ಸಮಾ ಓಡಿತು. "ಕೈಗುಣ ಮಾರಾಯ ನಿಂದು," ಅಂದ ಮಾವ.

ಆದಿತ್ಯವಾರ ಅವನು ಹೊಸ ಪ್ಲಗ್ಗುಗಳನ್ನು ಕರವಸ್ತ್ರದಲ್ಲಿ ಸುತ್ತಿ ಪ್ಯಾಂಟಿನ ಕಿಸೆಯಲ್ಲಿ ಇಟ್ಟುಕೊಂಡು ಮಾವನ ಜಗಲಿಯಲ್ಲಿ ಕೂತ. ಸೈಕಲ್ಲಿನ ಬೆಲ್ಲು ಕೇಳ್ತದಾ ಅಂತ ಕಿವಿ ದಾರಿಯ ಕಡೆಗೇ. ಕೇಳಿದ್ದು ಬೆಲ್ಲಲ್ಲ. ಪಿಕಪ್ಪಿನದ್ದೇ ಹಾರ್ನು.

ಪಿಕಪ್ಪು ಅಂಗಳಕ್ಕೆ ಬಂದು ನಿಂತಿತು. ಎಂತ ಆದದ್ದು ಅಂತ ಮಾವನ ಮುಖ ನೋಡಿದಾಗಲೇ ಗೊತ್ತಾಯ್ತು. ಜನ್ಮದಲ್ಲಿ ಮೊದಲ ಬಾರಿಗೆ ಅವನು ತುಪ್ಪದ ಭರಣಿ ಹೊತ್ತವನ ಹಾಗೆ ಓಡಿಸಿಕೊಂಡು ಬಂದಿದ್ದ. ಪಕ್ಕದಲ್ಲಿ ಬೀಗರಾಗುವವರು ಕೂತಿರುವಾಗ ಅವರ ಪಂಚೆಯ ಮಡಿಕೆ ಕೆಡಬಾರದಲ್ಲ. ಅಷ್ಟು ಮೆಲ್ಲಗೆ ಹತ್ತಿಸಿದ್ರೆ ಏರಿಗೂ ಭಾರ ಗೊತ್ತಾಗುದಿಲ್ಲ, ಪ್ಲಗ್ಗಿಗೂ.

ಸರ್ವೋತ್ತಮ ಜಗಲಿಯ ಕಂಬಕ್ಕೆ ಒರಗಿದ. ಕಿಸೆಯಲ್ಲಿ ಪ್ಲಗ್ಗುಗಳು ತೊಡೆಗೆ ಚುಚ್ಚಿದವು.

ಒಳಗೆ ಹುಡುಗ ಪ್ರೇಮನಾಥ ಗೋಡೆಯ ಕ್ಯಾಲೆಂಡರ್ ಓದುತ್ತಾ ಕೂತಿದ್ದ. ಮಾತೆಲ್ಲ ಗುರುವಪ್ಪಣ್ಣನದ್ದೇ.

"ಹಾಡ್ಲಿಕ್ಕೆ ಬರ್ತದಾ ಹುಡುಗಿ?"

"ಇಲ್ಲ," ಅಂದಳು ಮೋಹಿನಿ.

"ಹೊಲಿಗೆ?"

"ಇಲ್ಲ. ಟೈಪಿಂಗ್ ಬರ್ತದೆ. ನಿಮಗೆ ಬರ್ತದಾ?"

ಮಾವ ಕೆಮ್ಮಿದ. ಅತ್ತೆ ಬಾಗಿಲ ಸಂದಿಯಲ್ಲಿ ಕಣ್ಣು ದೊಡ್ಡ ಮಾಡಿದರು. ಪ್ರೇಮನಾಥ ಕ್ಯಾಲೆಂಡರ್ ಬಿಟ್ಟು ಮೊದಲ ಸಲ ಹುಡುಗಿಯ ಮುಖ ನೋಡಿದ. ಗುರುವಪ್ಪಣ್ಣ ಮಾತ್ರ ಶಾಲು ಕೊಡವಿ ಎದ್ದರು. "ಆಯ್ತು. ಹೋಗಿ ಕಾಗದ ಹಾಕ್ತೇವೆ."

ಕಾಗದ ಹಾಕ್ತೇವೆ ಅಂದ್ರೆ ಅರ್ಥ ಎಂತ ಅಂತ ಮರ್ಕಂಜದ ಕಲ್ಲಿಗೂ ಗೊತ್ತು. ಸರ್ವೋತ್ತಮನಿಗೆ ಕಂಬವನ್ನು ಅಪ್ಪಿಕೊಳ್ಳುವ ಅಂತ ಆಯ್ತು. ತಾನು ಎಂತದೂ ಮಾಡದೆಯೇ ಕೆಲಸ ಆಗಿ ಹೋಯ್ತಲ್ಲ. ಸುಮ್ಮನೆ ಒಂದು ರಾತ್ರಿ ನಿದ್ದೆ ಹಾಳು.

ಎಲ್ಲರೂ ಪಿಕಪ್ಪು ಹತ್ತಿ ಕೂತರು. ಮಾವ ಬಟನ್ ಒತ್ತಿದ. ಎಂಜಿನು ಗೊರಗೊರ ಅಂತು, ಹಿಡಿಯಲಿಲ್ಲ. ಇನ್ನೊಮ್ಮೆ ಒತ್ತಿದ. ಇಳಿದು ಎದುರಿನಿಂದ ಹ್ಯಾಂಡಲು ಹಾಕಿ ತಿರುಗಿಸಿದ. ಎಂತ ಮಾಡಿದ್ರೂ ಇಲ್ಲ. ಅಷ್ಟು ದೂರ ಆಮೆಯ ಹಾಗೆ ಬಂದದ್ದರಲ್ಲಿ ಅರೆಜೀವದ ಪ್ಲಗ್ಗುಗಳಿಗೆ ಮಸಿ ಹಿಡಿದು ಪೂರ್ತಿ ಜೀವ ಹೋಗಿತ್ತು.

"ಸರ್ವೋತ್ತಮ, ನೋಡು ಮಾರಾಯ ಎಂತ ಅಂತ."

ನೋಡುದೆಂತ, ಮದ್ದು ಕಿಸೆಯಲ್ಲೇ ಉಂಟು. ಇವರನ್ನು ಎಷ್ಟು ಬೇಗ ಕಳಿಸ್ತೇನೋ ಅಷ್ಟು ಒಳ್ಳೆದು ಅಂತ ಅವನು ಬಾನೆಟ್ಟು ಎತ್ತಿದ. ಆದ್ರೆ ಅವನ ಎಡಕ್ಕೆ ಮಾವ ಬಗ್ಗಿದ, ಬಲಕ್ಕೆ ಪ್ರೇಮನಾಥ ಬಗ್ಗಿದ, ನಡುವಿನಲ್ಲಿ ಗುರುವಪ್ಪಣ್ಣನ ಕನ್ನಡಕ.

"ಇದು ಯಾವ ವಯರು?" ಕೇಳಿದ ಪ್ರೇಮನಾಥ.

"ಅದು ಕರೆಂಟಿಂದು. ಮುಟ್ಟಿದ್ರೆ ಹೊಡಿತದೆ."

ಹುಡುಗ ಕೈ ಹಿಂದೆ ತೆಗೆದ, ತಲೆ ತೆಗೆಯಲಿಲ್ಲ. ನಾಲ್ಕು ಪ್ಲಗ್ಗು ಕಿಸೆಯಿಂದ ಬರುದನ್ನು ಆರು ಕಣ್ಣು ನೋಡಿದ್ರೆ ಮಾನ ಹೋಯ್ತು. ಮಾವನ ಮನೆಯ ಅಂಗಳವೂ ಜನ್ಮಕ್ಕೆ ಬಂದ್.

"ಮಾವ, ಬಿಸಿಲು," ಅಂದ ಸರ್ವೋತ್ತಮ, ತನ್ನ ಬುದ್ಧಿಗೆ ತಾನೇ ಮೆಚ್ಚಿ. "ಪೆಟ್ರೋಲಿನ ಗಾಳಿ ತಲೆಗೆ ಹೊಡಿತದೆ. ಹಿರಿಯರನ್ನು ನಿಲ್ಲಿಸುದು ಚಂದ ಅಲ್ಲ. ಎಲ್ಲರನ್ನೂ ಒಳಗೆ ಕೂರಿಸಿ. ಜಗಲಿ ಬೇಡ, ಅಲ್ಲಿಗೆ ಹೊಗೆ ಬರ್ತದೆ. ಒಳಗಿನ ಚಾವಡಿಯಲ್ಲಿ ಕೂರಿಸಿ."

"ಹೌದು ಹೌದು, ಬನ್ನಿ," ಅಂತ ಮಾವ ಎಲ್ಲರನ್ನೂ ಕರ್ಕೊಂಡು ಹೋದ. ಹೋಗುವಾಗ ಗುರುವಪ್ಪಣ್ಣ ಸರ್ವೋತ್ತಮನ ಬೆನ್ನು ತಟ್ಟಿದರು. "ನಿಧಾನ ಆಗ್ಲಿ. ಸರಿಯಾಗಿ ಮಾಡು."

ಅಂಗಳ ಖಾಲಿ. ಅವನು ಕಾದ ಪ್ಲಗ್ಗುಗಳನ್ನು ಬಟ್ಟೆ ಹಿಡಿದು ಬಿಚ್ಚಿದ. ಒಂದು ಹಟ ಮಾಡಿತು. ಎಳೆದು ಮರೆ ಹಾಳು ಮಾಡುದು ಬೇಡ ಅಂತ ಒಂದು ಹನಿ ಎಣ್ಣೆ ಬಿಟ್ಟು ಕಾದ. ಹೊಸದ್ದರ ಮೂತಿಯಲ್ಲಿ ಕಿಡಿ ಹಾರುವ ಎಡೆ ಸರಿ ಉಂಟಾ ಅಂತ ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದ. ಕೊನೆಯ ಸಲ ಮಾಡುವ ಕೆಲಸ, ಹುಡುಗನ ಕಡೆಯವರು ದಾರಿಯಲ್ಲಿ ನಿಂತು ವಾಪಸು ಬರಬಾರದಲ್ಲ. ಹಳೆಯದ್ದನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿ, ವಯರು ಕೂರಿಸಿ ಬಟನ್ ಒತ್ತಿದ. ಹೊಲಿಗೆ ಮಿಷನ್ನಿನ ಹಾಗೆ ಓಡಿತು ಎಂಜಿನು. ಅಷ್ಟು ಚಂದದ ಶಬ್ದ ಆ ಗಾಡಿಯಿಂದ ಯಾವತ್ತೂ ಬಂದದ್ದಿಲ್ಲ. ಯಾರಿಗೂ ಎಂತದೂ ಗೊತ್ತಾಗಲಿಲ್ಲ, ಯಾರ ಒಂದು ಕೂದಲೂ ಕೊಂಕಲಿಲ್ಲ. ನಾಳೆಯೇ ಮಾವನ ಹತ್ರ ಬಾಯಿ ಬಿಡುದು ಅಂತ ನಿಶ್ಚಯ ಮಾಡಿಕೊಂಡು ಅವನು ಎಂಜಿನನ್ನು ಹಾಗೇ ಓಡ್ಲಿಕ್ಕೆ ಬಿಟ್ಟು ಒಳಗೆ ಹೋದ. "ಗಾಡಿ ರೆಡಿ. ಹೊರಡಬಹುದು."

"ಅವಸರ ಎಂತ ಇಲ್ಲ ಅಳಿಯ," ಅಂದ ಮಾವ ನಗುತ್ತಾ. "ಬಂದ್ ಮಾಡು, ಸುಮ್ಮನೆ ಪೆಟ್ರೋಲು ಹಾಳು. ಕೈ ತೊಳ್ದು ಬಾ."

ಚಾವಡಿಯಲ್ಲಿ ಬಾಳೆಲೆ ಹಾಕಿತ್ತು. ಹೆಣ್ಣು ನೋಡ್ಲಿಕ್ಕೆ ಬಂದವರು ಕಾಫಿ ಕುಡಿಬಹುದು, ಅವಲಕ್ಕಿ ತಿನ್ನಬಹುದು, ಆದ್ರೆ ಒಪ್ಪಿಗೆಯ ಮಾತು ಕೊಡದೆ ಆ ಮನೆಯ ಅನ್ನ ಮುಟ್ಲಿಕ್ಕಿಲ್ಲ ಅನ್ನುವ ಕ್ರಮ ಸರ್ವೋತ್ತಮನಿಗೂ ಗೊತ್ತಿದ್ದದ್ದೇ. ಆ ಕ್ರಮವನ್ನು ಗುರುವಪ್ಪಣ್ಣ ಒಂದು ಅಕ್ಷರ ತಪ್ಪದೆ ಪಾಲಿಸಿದ್ದರು: ಮೊದಲು ಮಾತು ಕೊಟ್ಟು, ಆಮೇಲೆ ಕೂತದ್ದು. ಈಗ ರೊಟ್ಟಿಯ ಮೇಲೆ ಸಾರು ಹೊಯ್ಸಿಕೊಳ್ಳುತ್ತಾ, "ಟೈಪಿಂಗ್ ಬರ್ತದೆ ಅಂದ್ರೆ ಸಣ್ಣ ವಿಷಯ ಅಲ್ಲ. ಹೊರಡುವಾಗ ಗಾಡಿ ನಿಂತದ್ದೂ ಒಳ್ಳೆ ಶಕುನವೇ, ಈ ಮನೆ ನಮ್ಮನ್ನು ಬಿಡುದಿಲ್ಲ ಅಂತ," ಅಂತ ಹೇಳುತ್ತಿದ್ದರು. ಪಕ್ಕದಲ್ಲಿ ಪ್ರೇಮನಾಥ ಕಿವಿಯವರೆಗೆ ಕೆಂಪಾಗಿ ಎಲೆ ನೋಡುತ್ತಿದ್ದ. ಸರ್ವೋತ್ತಮ ಕಿಡಿಯ ಲೆಕ್ಕ ಹಾಕಿದ್ದ, ಏರಿನ ಲೆಕ್ಕ ಹಾಕಿದ್ದ, ಶಕುನದ ಲೆಕ್ಕವನ್ನೂ ಹಾಕಿದ್ದ. ಹಾಕದೆ ಬಿಟ್ಟದ್ದು ಇಷ್ಟೇ: ಆ ಚಾವಡಿಗೂ ಅಡಿಗೆಕೋಣೆಗೂ ನಡುವೆ ಇದ್ದದ್ದು ಅರ್ಧ ಗೋಡೆ, ಗೋಡೆಯ ಆಚೆ ಒಲೆಯಲ್ಲಿ ಅತ್ತೆಯ ಊರಕೋಳಿ ಬೇಯುತ್ತಿತ್ತು, ಮತ್ತೆ ಗುರುವಪ್ಪಣ್ಣ ಬಸ್ಸಿನಲ್ಲಿ ವಾಂತಿ ಆದೀತು ಅಂತ ದರ್ಬೆಯಿಂದ ಬರೀ ಹೊಟ್ಟೆಯಲ್ಲಿ ಬಂದಿದ್ದರು.